ಬೇರೆ ಯಾರಾದರೂ ಇದ್ದಾರಾ?

2011ರ ಆಗಸ್ಟ್‌ನಿಂದ 2012ರ ಫೆಬ್ರವರಿವರೆಗಿನ ಅಮೆರಿಕದ ರಿಪಬ್ಲಿಕನ್ ಪಕ್ಷದ ಸಮೀಕ್ಷೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ತಲೆ ಗಿರ್ರನ್ನುತ್ತದೆ. ಆಗಸ್ಟ್ ಕೊನೆಗೆ ರಿಕ್ ಪೆರ್ರಿ ಮುಂದೆ. ಅಕ್ಟೋಬರ್‌ನಲ್ಲಿ ಹರ್ಮನ್ ಕೇನ್. ಡಿಸೆಂಬರ್ ಶುರುವಿಗೆ ಕೆಳಮನೆಯ ಮಾಜಿ ಸ್ಪೀಕರ್ ನ್ಯೂಟ್ ಗಿಂಗ್ರಿಚ್. ಫೆಬ್ರವರಿ ನಡುವಿಗೆ ರಿಕ್ ಸ್ಯಾಂಟೋರಮ್. ಒಬಾಮಾ ಎದುರು ಯಾರನ್ನು ನಿಲ್ಲಿಸಬೇಕು ಅನ್ನುವ ಪ್ರಶ್ನೆಗೆ ಒಂದೇ ಪಕ್ಷದ ಜನ ಆರು ತಿಂಗಳಲ್ಲಿ ಇಷ್ಟು ಉತ್ತರ ಕೊಟ್ಟರು. ಈ ಗಲಾಟೆಯ ನಡುವೆ ಮಿಟ್ ರಾಮ್ನಿ ಮಾತ್ರ ಇದ್ದಲ್ಲೇ ಇದ್ದರು. 2011 ಮುಗಿಯುವವರೆಗೂ ಹೆಚ್ಚೂಕಡಿಮೆ ನೂರಕ್ಕೆ 20-25. ಅದಕ್ಕಿಂತ ತುಂಬ ಕೆಳಗೆ ಇಳಿಯಲಿಲ್ಲ, ಮೇಲೂ ಹತ್ತಲಿಲ್ಲ.

ಟಿವಿ ಪಂಡಿತರು ಆಗ ಇದಕ್ಕೆ ಕೊಟ್ಟ ಕಾರಣ ಸುಲಭದ್ದು. ಮತದಾರರ ಮನಸ್ಸು ಚಂಚಲ, ಚರ್ಚೆಯಲ್ಲಿ ಯಾರು ಚೆನ್ನಾಗಿ ಮಾತಾಡುತ್ತಾರೋ ಅವರ ಹಿಂದೆ ಓಡುತ್ತಾರೆ ಅಂತ. ನನಗೆ ಈ ಮಾತು ಆಗಲೂ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಆ ಮತದಾರರಷ್ಟು ಗಟ್ಟಿ ಮನಸ್ಸಿನವರನ್ನು ನಾನು ಕಂಡಿದ್ದು ಕಡಿಮೆ. ಅವರಿಗೆ ಏನು ಬೇಡ ಅನ್ನುವುದು ಮೊದಲ ದಿನದಿಂದ ಗೊತ್ತಿತ್ತು. ಬೇಕಾದವರು ಯಾರು ಅಂತ ಮಾತ್ರ ಹುಡುಕುತ್ತಿದ್ದರು. ಬದಲಾಗುತ್ತಿದ್ದದ್ದು ಹೆಸರು. ಮನಸ್ಸಲ್ಲ.

ನಮ್ಮಲ್ಲಿ ಟಿಕೆಟ್ ಹಂಚುವ ರೀತಿ ನೋಡಿದವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ಇಲ್ಲಿ ಯಾರು ಅಭ್ಯರ್ಥಿ ಅನ್ನುವುದನ್ನು ದೆಹಲಿಯಲ್ಲಿ ಕೂತು ಹೈಕಮಾಂಡ್ ತೀರ್ಮಾನಿಸುತ್ತದೆ. ಬಿ ಫಾರಂ ಯಾರ ಕೈಗೆ ಬರುತ್ತದೋ ಅವರೇ ಹುರಿಯಾಳು. ಪಕ್ಷದ ಬಾವುಟ ಹಿಡಿದು ಇಪ್ಪತ್ತು ವರ್ಷ ಓಡಾಡಿದ ಕಾರ್ಯಕರ್ತನನ್ನು ಯಾರೂ ಒಂದು ಮಾತು ಕೇಳುವುದಿಲ್ಲ. ಅಮೆರಿಕದಲ್ಲಿ ಬಿ ಫಾರಂ ಕೊಡುವ ಅಧಿಕಾರ ಸಾಮಾನ್ಯ ಮತದಾರನ ಕೈಯಲ್ಲಿದೆ. ರಾಜ್ಯದಿಂದ ರಾಜ್ಯಕ್ಕೆ, ಜನವರಿಯಿಂದ ಜೂನ್‌ವರೆಗೆ, ಪ್ರೈಮರಿ (ಪಕ್ಷದ ಒಳಚುನಾವಣೆ) ಅಥವಾ ಕಾಕಸ್ (ಊರ ಸಭೆಯಲ್ಲಿ ಮತದಾನ) ಮೂಲಕ ಪಕ್ಷದ ಮತದಾರರೇ ಆರಿಸುತ್ತಾರೆ. ಪ್ರತಿ ರಾಜ್ಯಕ್ಕೂ ಇಷ್ಟು ಅಂತ ಡೆಲಿಗೇಟ್‌ಗಳು, ಅಂದರೆ ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿಗೆ ಮತ ಹಾಕುವ ಪ್ರತಿನಿಧಿಗಳು. 2012ರಲ್ಲಿ ರಿಪಬ್ಲಿಕನ್ ಟಿಕೆಟ್ ಸಿಗಬೇಕಾದರೆ ಒಟ್ಟು 2,286 ಡೆಲಿಗೇಟ್‌ಗಳಲ್ಲಿ 1,144 ಮಂದಿಯನ್ನು ಗೆಲ್ಲಬೇಕಿತ್ತು.

ಹಾಗಾದರೆ ರಾಮ್ನಿ ಯಾಕೆ ಬೇಡವಾಗಿದ್ದರು? ನೋಡಲು ಲಕ್ಷಣವಾಗಿದ್ದರು, ಮ್ಯಾಸಚೂಸೆಟ್ಸ್‌ನ ಮಾಜಿ ಗವರ್ನರ್, ಉದ್ಯಮದಲ್ಲಿ ಗೆದ್ದವರು, ಕೈಯಲ್ಲಿ ದುಡ್ಡಿತ್ತು, 2008ರಲ್ಲಿ ಒಮ್ಮೆ ಸ್ಪರ್ಧಿಸಿದ ಅನುಭವವೂ ಇತ್ತು. ಆದರೆ ಆ ಪಕ್ಷದ ತಳಮಟ್ಟದವರ ಆಗಿನ ಸಿಟ್ಟು ನೆನಪಿಸಿಕೊಳ್ಳಿ. 2010ರಲ್ಲಿ ಒಬಾಮಾ ಆರೋಗ್ಯ ವಿಮೆ ಕಾಯ್ದೆ ತಂದಾಗ, ಸರ್ಕಾರದ ಖರ್ಚು ಮತ್ತು ತೆರಿಗೆಯನ್ನು ವಿರೋಧಿಸುವ ಟೀ ಪಾರ್ಟಿ ಚಳವಳಿಯ ಜನ ಬೀದಿಗೆ ಇಳಿದರು. ಅದೇ ವರ್ಷ ನವೆಂಬರ್‌ನಲ್ಲಿ ರಿಪಬ್ಲಿಕನ್ನರು ಕೆಳಮನೆಯಲ್ಲಿ 63 ಸೀಟು ಜಾಸ್ತಿ ಗೆದ್ದರು. ಆ ಗೆಲುವು ತಮ್ಮದು ಅಂತ ಈ ಜನ ನಂಬಿದ್ದರು, ಸುಮ್ನೆ ಅಲ್ಲ. ಒಂದು ವರ್ಷ ಕಳೆಯುವುದರೊಳಗೆ ಪಕ್ಷದ ದೊಡ್ಡವರು ಅವರ ಮುಂದೆ ತಂದು ನಿಲ್ಲಿಸಿದ್ದು ಯಾರನ್ನು? 2006ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹೆಚ್ಚುಕಡಿಮೆ ಅಂಥದ್ದೇ ಕಾಯ್ದೆಗೆ ಸಹಿ ಹಾಕಿದವರನ್ನು. 1994ರಲ್ಲಿ ಸೆನೆಟ್‌ಗೆ ನಿಂತಾಗ ಗರ್ಭಪಾತದ ಹಕ್ಕನ್ನು ಬೆಂಬಲಿಸಿ, ಮುಂದೆ ನಿಲುವು ಬದಲಿಸಿದವರನ್ನು. ಅವರ ಮಾರ್ಮನ್ ಧರ್ಮದ ಬಗ್ಗೆ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಇದ್ದ ಅನುಮಾನ ಬೇರೆ.

ಎಲ್ಲಕ್ಕಿಂತ ಹೆಚ್ಚಾಗಿ ಅವರ ಪರವಾಗಿ ಕೊಡುತ್ತಿದ್ದ ಕಾರಣವೇ ಜನರನ್ನು ಕೆಣಕಿತು ಅನ್ನಿಸುತ್ತದೆ. 'ಇವರಾದರೆ ಗೆಲ್ಲುತ್ತಾರೆ.' ಅಷ್ಟೇ. ನಮ್ಮ ಮಾತು ಆಡುತ್ತಾರೆ ಅಂತಲ್ಲ, ನಮ್ಮವರು ಅಂತಲೂ ಅಲ್ಲ. ಇಷ್ಟವಿಲ್ಲದ ಸಂಬಂಧವನ್ನು ಮನೆಯ ಹಿರಿಯರೆಲ್ಲ ಸೇರಿ 'ಒಳ್ಳೆ ಕೆಲಸ, ಒಳ್ಳೆ ಸಂಬಳ, ಇನ್ನೇನು ಬೇಕು' ಅಂತ ಒಪ್ಪಿಸಲು ನೋಡುವಾಗ ಹುಡುಗಿಗೆ ಹೇಗಾಗುತ್ತದೋ, ಹಾಗೆ.

ಅದಕ್ಕೇ ಹುಡುಕಾಟ. ಆಗಸ್ಟ್ 13ಕ್ಕೆ ಅಯೋವಾದ ಏಮ್ಸ್ ಊರಿನಲ್ಲಿ ಪಕ್ಷದ ಅಣಕು ಮತದಾನ ನಡೆಯಿತು. ಮಿಷೆಲ್ ಬಾಕ್‌ಮನ್ ಗೆದ್ದರು. ಮೂರನೇ ಸ್ಥಾನಕ್ಕೆ ಇಳಿದ ಟಿಮ್ ಪಾಲೆಂಟಿ ಮರುದಿನವೇ ಕಣದಿಂದ ಹೊರಬಿದ್ದರು. ಆದರೆ ಬಾಕ್‌ಮನ್ ಗೆದ್ದ ದಿನವೇ ಟೆಕ್ಸಾಸ್ ಗವರ್ನರ್ ಪೆರ್ರಿ ದಕ್ಷಿಣ ಕೆರೊಲಿನಾದಲ್ಲಿ ನಿಂತು ತಾನು ಸ್ಪರ್ಧಿಸುತ್ತೇನೆ ಅಂದುಬಿಟ್ಟರು. ಎರಡು ವಾರ ಕಳೆಯುವ ಮುಂಚೆಯೇ ಗ್ಯಾಲಪ್ ಸಮೀಕ್ಷೆಯಲ್ಲಿ ಪೆರ್ರಿ 29, ರಾಮ್ನಿ 17. ಟೆಕ್ಸಾಸ್‌ನ ಹೊರಗೆ ಆತ ಒಂದು ಚರ್ಚೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ಆ 29 ಜನ ಪೆರ್ರಿಯನ್ನು ನೋಡಿ ಒಪ್ಪಿದವರಲ್ಲ, ಪೆರ್ರಿ ಅನ್ನುವ ಆಸೆಯನ್ನು ಒಪ್ಪಿದವರು.

ಆಸೆ ಮುರಿದದ್ದು ಹೇಗೆ ಅಂತ ಕೇಳಿದರೆ ಎಲ್ಲರೂ ಹೇಳುವುದು ನವೆಂಬರ್ 9ರ ಚರ್ಚೆ. ಮಿಷಿಗನ್‌ನ ರಾಚೆಸ್ಟರ್‌ನಲ್ಲಿ ನಡೆದದ್ದು. ನಮಗೆ ಇಲ್ಲಿ ಅದು ಬೆಳಗಿನ ಕಾಫಿ ಹೊತ್ತು. ನಾನು ಅಧಿಕಾರಕ್ಕೆ ಬಂದರೆ ಮೂರು ಸರ್ಕಾರಿ ಇಲಾಖೆಗಳನ್ನು ಮುಚ್ಚುತ್ತೇನೆ ಅಂದರು ಪೆರ್ರಿ. ವಾಣಿಜ್ಯ, ಶಿಕ್ಷಣ, ಆಮೇಲೆ… ಮೂರನೆಯದು ಬಾಯಿಗೆ ಬರಲಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಸ್ಪರ್ಧಿ ರಾನ್ ಪಾಲ್ ಐದು ಮುಚ್ಚಬೇಕು ಅಂದರು. ಪರಿಸರ ಸಂಸ್ಥೆಯಾ ಅಂತ ಸುಳಿವು ಕೊಟ್ಟರು ರಾಮ್ನಿ. ಪೆರ್ರಿ ಹೌದು ಅಂದಂತೆ ಮಾಡಿ, ಅಲ್ಲ ಅಂದರು. ಚೀಟಿ ತಡಕಾಡಿದರು. ನಡೆಸಿಕೊಡುತ್ತಿದ್ದ ಪತ್ರಕರ್ತ ಬಿಡದೆ ಮತ್ತೆ ಕೇಳಿದ, ಮೂರನೆಯದು ಯಾವುದು ಅಂತ. ಕೊನೆಗೆ ಪೆರ್ರಿ ಕೈಚೆಲ್ಲಿ 'ಊಪ್ಸ್' ಅಂದರು. ಒಂದು ನಿಮಿಷ ಕೂಡ ಆಗಿರಲಿಕ್ಕಿಲ್ಲ. ನೋಡುವವರಿಗೆ ಒಂದು ಯುಗ.

ಆದರೆ ಸಮೀಕ್ಷೆಗಳ ತಾರೀಕು ನೋಡಿ. ಪೆರ್ರಿ ಕುಸಿದದ್ದು ಆ ದಿನ ಅಲ್ಲ, ಅದಕ್ಕೂ ಮುಂಚೆ, ಸೆಪ್ಟೆಂಬರ್‌ನಲ್ಲೇ. ದಾಖಲೆಯಿಲ್ಲದೆ ಬಂದ ವಲಸಿಗರ ಮಕ್ಕಳಿಗೆ ಟೆಕ್ಸಾಸ್ ಕಾಲೇಜುಗಳಲ್ಲಿ ಸ್ಥಳೀಯರಷ್ಟೇ ಫೀಸು ಅನ್ನುವ ಕಾನೂನನ್ನು ಅವರು ಒರ್ಲ್ಯಾಂಡೊ ಚರ್ಚೆಯಲ್ಲಿ ಸಮರ್ಥಿಸಿಕೊಂಡರು. ಅದನ್ನು ವಿರೋಧಿಸುವವರಿಗೆ ಹೃದಯವೇ ಇಲ್ಲ ಅನ್ನುವ ಅರ್ಥದ ಮಾತಾಡಿದರು. ತಾವು ಹೀಗೆ ಬೈಸಿಕೊಂಡೆವಲ್ಲ ಅಂತ ಅವರ ಬೆಂಬಲಿಗರಿಗೇ ಅನ್ನಿಸಿತು. ಆವತ್ತಿನಿಂದ ಇಳಿಕೆ. ಮರೆವಿನಿಂದ ಬಿದ್ದರು ಅನ್ನುವುದು ಹೇಳಲು ಚೆನ್ನಾಗಿರುವ ಕಥೆ. ನಿಲುವಿನಿಂದ ಬಿದ್ದರು ಅನ್ನುವುದು ನಡೆದದ್ದು. ಚಂಚಲರು ಅನ್ನಿಸಿಕೊಂಡವರು ಎಷ್ಟು ಗಮನ ಇಟ್ಟು ಕೇಳುತ್ತಿದ್ದರು ಅನ್ನುವುದಕ್ಕೆ ನನಗೆ ಇದಕ್ಕಿಂತ ಸಾಕ್ಷಿ ಬೇಡ.

ಹರ್ಮನ್ ಕೇನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಿಜ್ಜಾ ಕಂಪನಿ ನಡೆಸಿದ್ದವರು, ಯಾವ ಚುನಾಯಿತ ಹುದ್ದೆಯಲ್ಲೂ ಕೂತವರಲ್ಲ. ಕಂಪನಿ ತೆರಿಗೆ 9, ಆದಾಯ ತೆರಿಗೆ 9, ಮಾರಾಟ ತೆರಿಗೆ 9 ಅನ್ನುವ ಒಂದೇ ಘೋಷಣೆಯಿಂದ ಅಕ್ಟೋಬರ್‌ನಲ್ಲಿ ಮೊದಲ ಸ್ಥಾನಕ್ಕೆ ಬಂದರು. ಲೈಂಗಿಕ ಕಿರುಕುಳದ ಆರೋಪಗಳು ಬಂದವು. ಅವರು ಅಲ್ಲಗಳೆದರು. ಡಿಸೆಂಬರ್ 3ಕ್ಕೆ ಕಣ ಬಿಟ್ಟರು. ಇದೇ ಹೊತ್ತಿಗೆ ಪಕ್ಷದ ಹಲವರು ನ್ಯೂ ಜೆರ್ಸಿ ಗವರ್ನರ್ ಕ್ರಿಸ್ ಕ್ರಿಸ್ಟಿ ಬೆನ್ನು ಬಿದ್ದಿದ್ದರು, ನೀವಾದರೂ ಬನ್ನಿ ಅಂತ. ಅಕ್ಟೋಬರ್ 4ರಂದು ಅವರು ಇಲ್ಲ ಅಂದರು. ಕಣದಲ್ಲಿ ಏಳೆಂಟು ಮಂದಿ ಇದ್ದಾಗಲೂ ಹೊರಗಿನವರನ್ನು ಕರೆಯಬೇಕಾಗಿ ಬಂದಿತ್ತು ನೋಡಿ, ಅಷ್ಟು ಅತೃಪ್ತಿ.

ಇಲ್ಲಿ ಸಮೀಕ್ಷೆಗಳ ಒಳಗುಟ್ಟು ಸ್ವಲ್ಪ ಹೇಳಬೇಕು. ದೇಶಮಟ್ಟದ ಸಮೀಕ್ಷೆ ಅಂದರೆ ಸಾಮಾನ್ಯವಾಗಿ ಸಾವಿರ ಚಿಲ್ಲರೆ ಜನರಿಗೆ ಫೋನು. ಅವರಲ್ಲಿ ರಿಪಬ್ಲಿಕನ್ ಪ್ರೈಮರಿಗೆ ಮತ ಹಾಕುವವರು ಮುನ್ನೂರೋ ನಾನ್ನೂರೋ ಸಿಗುತ್ತಾರೆ. 400 ಜನರನ್ನು ಕೇಳಿದ ಸಮೀಕ್ಷೆಯಲ್ಲಿ ಸುಮಾರು 5 ಅಂಶ ಆಚೀಚೆ ಆಗಬಹುದು. ಅಂದರೆ 24 ಮತ್ತು 20ರ ನಡುವೆ ಯಾರು ಮುಂದೆ ಅಂತ ಖಚಿತವಾಗಿ ಹೇಳಲಾಗದು. ಆದರೂ ಟಿವಿಯಲ್ಲಿ 'ಮುನ್ನಡೆ' ಅಂತ ದೊಡ್ಡ ಅಕ್ಷರ. ಆ ಅಕ್ಷರ ನೋಡಿ ಚಂದಾ ಕೊಡುವವರು ಓಡಿ ಬರುತ್ತಾರೆ, ಚರ್ಚೆಯ ವೇದಿಕೆಯಲ್ಲಿ ನಡುವಿನ ಜಾಗ ಸಿಗುತ್ತದೆ, ಎದುರಾಳಿಗಳೆಲ್ಲ ಆತನ ಮೇಲೇ ಬೀಳುತ್ತಾರೆ. ಮುಂದಿನ ಸಮೀಕ್ಷೆಯಲ್ಲಿ ಆತ ಕೆಳಗೆ.

ಇನ್ನೊಂದು ವಿಷಯ. ಸಮೀಕ್ಷೆಗಳಲ್ಲಿ ಯಾರಿಗೆ ಮತ ಅನ್ನುವ ಪ್ರಶ್ನೆಯ ಜೊತೆಗೆ ಇನ್ನೆರಡು ಪ್ರಶ್ನೆ ಇರುತ್ತಿದ್ದವು. ನಿಮ್ಮ ಮನಸ್ಸು ಗಟ್ಟಿಯಾಗಿದೆಯಾ? ಕಣದಲ್ಲಿರುವವರು ಸಾಕಾ, ಬೇರೆ ಯಾರಾದರೂ ಬೇಕಾ? 2012ರ ಜನವರಿ ಬಂದರೂ, ಮತದಾನ ಶುರುವಾದರೂ, ಅರ್ಧಕ್ಕಿಂತ ಹೆಚ್ಚು ಜನ ಬೇರೆ ಯಾರಾದರೂ ಬೇಕು ಅನ್ನುತ್ತಿದ್ದರು. ನನ್ನ ಪ್ರಕಾರ ಆ ಚಳಿಗಾಲದ ಅತಿ ಮುಖ್ಯವಾದ ಸಂಖ್ಯೆ ಅದು. ಸುದ್ದಿಯ ಕೊನೇ ಪ್ಯಾರಾದಲ್ಲಿ ಬರುತ್ತಿತ್ತು.

ಜನವರಿ 3ರ ಸಂಜೆ 7 ಗಂಟೆಗೆ ಅಯೋವಾ ಕಾಕಸ್. ಇದು ನಾವು ಕಂಡ ಮತಗಟ್ಟೆಯಂತೆ ಇರುವುದಿಲ್ಲ. ಶಾಲೆಯ ಆಟದ ಕೋಣೆ, ಚರ್ಚು, ಲೈಬ್ರರಿ, ಎಲ್ಲಿ ಜಾಗ ಇದೆಯೋ ಅಲ್ಲಿ ಊರಿನವರು ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಯ ಪರ ಊರಿನವರೇ ಒಬ್ಬರು ಎದ್ದು ಒಂದೆರಡು ನಿಮಿಷ ಮಾತಾಡುತ್ತಾರೆ. ಆಮೇಲೆ ಖಾಲಿ ಚೀಟಿ ಹಂಚುತ್ತಾರೆ. ಹೆಸರು ನಾವೇ ಬರೆಯಬೇಕು, ಮಡಚಿ ಡಬ್ಬಿಗೆ ಹಾಕಬೇಕು. ಎಲ್ಲರ ಎದುರೇ ಎಣಿಕೆ, ಫೋನಿನಲ್ಲಿ ಪಕ್ಷದ ಕಚೇರಿಗೆ ಲೆಕ್ಕ. ಆ ಸಲ ಹೀಗೆ 1,774 ವಲಯಗಳಲ್ಲಿ ನಡೆಯಿತು. ಆ ರಾತ್ರಿ ರಾಮ್ನಿ 8 ಮತಗಳಿಂದ ಗೆದ್ದರು ಅಂತ ಘೋಷಿಸಿದರು. 1 ಲಕ್ಷ 20 ಸಾವಿರಕ್ಕೂ ಹೆಚ್ಚು ಚೀಟಿಗಳಲ್ಲಿ 8.

ಎರಡು ವಾರದ ನಂತರ ಸಹಿ ಮಾಡಿದ ಫಾರಂಗಳನ್ನೆಲ್ಲ ಕೂಡಿಸಿ ನೋಡಿದರೆ ಲೆಕ್ಕ ಬೇರೆ. ಸ್ಯಾಂಟೋರಮ್ 29,839, ರಾಮ್ನಿ 29,805. ಎಂಟು ಕಡೆಯ ಫಾರಂ ಸಿಗಲೇ ಇಲ್ಲ. 2006ರಲ್ಲಿ ಪೆನ್ಸಿಲ್ವೇನಿಯಾದ ಸೆನೆಟ್ ಸೀಟನ್ನು ಭಾರಿ ಅಂತರದಿಂದ ಕಳೆದುಕೊಂಡಿದ್ದ ಸ್ಯಾಂಟೋರಮ್ 2011ರ ಉದ್ದಕ್ಕೂ ಸಮೀಕ್ಷೆಗಳಲ್ಲಿ ತಳದಲ್ಲಿದ್ದವರು. ಅಯೋವಾದ 99 ಕೌಂಟಿಗಳನ್ನೂ ಸುತ್ತಿ, ಸಿಕ್ಕ ಹೋಟೆಲಿನಲ್ಲಿ ಸಿಕ್ಕಷ್ಟು ಜನರೊಡನೆ ಕೂತು ಮಾತಾಡಿದ್ದರು. ಅಂಥವರನ್ನು ಹುಡುಕಿ ತೆಗೆದದ್ದು ಅದೇ ಅತೃಪ್ತ ಮತದಾರರು. ಗೆಲುವಿನ ಸುದ್ದಿ ಅವರಿಗೆ ಬಂದಾಗ ಮಾತ್ರ ತಡವಾಗಿತ್ತು. ಗೆದ್ದ ರಾತ್ರಿ ಸಿಗಬೇಕಿದ್ದ ಟಿವಿ ಬೆಳಕು, ಹರಿದು ಬರಬೇಕಿದ್ದ ಚಂದಾ ಎಲ್ಲ ರಾಮ್ನಿ ಪಾಲಾಗಿ ಮುಗಿದಿತ್ತು.

ಆ ತಿದ್ದಿದ ಲೆಕ್ಕ ಹೊರಬಿದ್ದದ್ದು ಜನವರಿ 19ರ ಬೆಳಿಗ್ಗೆ. ಇಡೀ ಸ್ಪರ್ಧೆಯಲ್ಲಿ ನನಗೆ ಮರೆಯಲಾಗದ ದಿನ ಅದು. ಅದೇ ದಿನ ಪೆರ್ರಿ ಕಣ ಬಿಟ್ಟು ಗಿಂಗ್ರಿಚ್‌ಗೆ ಬೆಂಬಲ ಕೊಟ್ಟರು. ಅದೇ ದಿನ ಗಿಂಗ್ರಿಚ್ ಅವರ ಮಾಜಿ ಪತ್ನಿಯ ಟಿವಿ ಸಂದರ್ಶನದ ಸುದ್ದಿ ಎಲ್ಲ ಕಡೆ. ಅದೇ ರಾತ್ರಿ ದಕ್ಷಿಣ ಕೆರೊಲಿನಾದ ನಾರ್ತ್ ಚಾರ್ಲ್ಸ್‌ಟನ್‌ನಲ್ಲಿ ಚರ್ಚೆ. ಮೊದಲ ಪ್ರಶ್ನೆಯೇ ಆ ಸಂದರ್ಶನದ್ದು. ಗಿಂಗ್ರಿಚ್ ಉತ್ತರ ಕೊಡಲಿಲ್ಲ, ಇಂಥ ಪ್ರಶ್ನೆಯಿಂದ ಶುರು ಮಾಡುತ್ತೀರಲ್ಲ ಅಂತ ಮಾಧ್ಯಮದ ಮೇಲೆ ಹರಿಹಾಯ್ದರು. ಸಭಾಂಗಣ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಅದೇ ಸಭೆ ರಾಮ್ನಿಯನ್ನು ಕೇಳಿಸಿಕೊಂಡ ರೀತಿ ಬೇರೆ. ಅವರ ತಂದೆ ಜಾರ್ಜ್ ರಾಮ್ನಿ ಹಿಂದೆ ಸ್ಪರ್ಧಿಸಿದಾಗ 12 ವರ್ಷದ ತೆರಿಗೆ ಲೆಕ್ಕ ಬಹಿರಂಗ ಮಾಡಿದ್ದರು. ನೀವೂ ಹಾಗೇ ಮಾಡುತ್ತೀರಾ ಅಂತ ಕೇಳಿದಾಗ ಮಗ ಅಂದದ್ದು 'ನೋಡೋಣ' ಅನ್ನುವಂಥ ಒಂದು ಮಾತು. ಜನ ಕೂಗಿ ಅಸಮಾಧಾನ ತೋರಿಸಿದರು.

ಎರಡು ದಿನದ ನಂತರ ಆ ರಾಜ್ಯದ ಪ್ರೈಮರಿಯಲ್ಲಿ ನೂರಕ್ಕೆ ಗಿಂಗ್ರಿಚ್ 40, ರಾಮ್ನಿ 28. ಆಗಿನ ಗವರ್ನರ್ ನಿಕ್ಕಿ ಹೇಲಿ ರಾಮ್ನಿ ಪರ ಓಡಾಡಿದ್ದರು. ಅದೂ ನಡೆಯಲಿಲ್ಲ. ಗಿಂಗ್ರಿಚ್ ವೈಯಕ್ತಿಕ ಬದುಕು ಆ ರಾಜ್ಯದ ಧಾರ್ಮಿಕ ಮತದಾರರಿಗೆ ಒಪ್ಪುವಂಥದ್ದಲ್ಲ, ಅದು ಅವರಿಗೆ ಗೊತ್ತಿತ್ತು. ಆದರೂ ತಮ್ಮ ಸಿಟ್ಟನ್ನು ಗಟ್ಟಿಯಾಗಿ ಆಡುವ ಒಂದು ಬಾಯಿ ಅವರಿಗೆ ಬೇಕಿತ್ತು. ಅಂಥ ಬಾಯಿಗಾಗಿ ಉಳಿದದ್ದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಲು ಸಿದ್ಧರಿದ್ದಾರೆ ಅನ್ನುವುದು ಆ ದಿನ ಗೊತ್ತಾಯಿತು. ಅದನ್ನು ಓದಿಕೊಂಡವರು ಮಾತ್ರ ಕಡಿಮೆ.

ಇನ್ನು ಹತ್ತು ದಿನಕ್ಕೆ ಫ್ಲಾರಿಡಾ. ಇಲ್ಲಿ ದುಡ್ಡು ಮತ್ತು ನಿಯಮ ಎರಡೂ ಕೆಲಸ ಮಾಡಿದವು. 2010ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಸೂಪರ್ ಪ್ಯಾಕ್ ಅನ್ನುವ ಸಂಸ್ಥೆಗಳು ಎಷ್ಟು ಬೇಕಾದರೂ ದೇಣಿಗೆ ಪಡೆದು ಜಾಹೀರಾತಿಗೆ ಸುರಿಯಬಹುದಿತ್ತು. ಕ್ಯಾಸಿನೊ ಒಡೆಯ ಶೆಲ್ಡನ್ ಅಡೆಲ್ಸನ್ ಮತ್ತು ಅವರ ಪತ್ನಿ ಆ ಜನವರಿಯಲ್ಲಿ ಗಿಂಗ್ರಿಚ್ ಪರ 1 ಕೋಟಿ ಡಾಲರ್ ಕೊಟ್ಟರು. ರಾಮ್ನಿ ಕಡೆಯವರ ಖರ್ಚು ಅದನ್ನೂ ಮೀರಿಸಿತು. ಟಿವಿ ಹಚ್ಚಿದರೆ ಗಿಂಗ್ರಿಚ್ ವಿರುದ್ಧದ ಜಾಹೀರಾತು. ರಾಮ್ನಿ 46, ಗಿಂಗ್ರಿಚ್ 32. ಏಪ್ರಿಲ್‌ಗೆ ಮುಂಚಿನ ಪ್ರೈಮರಿಗಳಲ್ಲಿ ಡೆಲಿಗೇಟ್‌ಗಳನ್ನು ಮತಗಳ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕು ಅಂತ ಪಕ್ಷ ಆ ವರ್ಷ ನಿಯಮ ಮಾಡಿತ್ತು. ಫ್ಲಾರಿಡಾ ಅದಕ್ಕೆ ಕಿವಿಗೊಡಲಿಲ್ಲ. ತಾರೀಕನ್ನೂ ನಿಯಮಕ್ಕಿಂತ ಮೊದಲೇ ಇಟ್ಟುಕೊಂಡಿತ್ತು. ಅದಕ್ಕೆ ದಂಡವಾಗಿ ಅರ್ಧ ಡೆಲಿಗೇಟ್‌ಗಳನ್ನು ಕಳೆದುಕೊಂಡಿತು. ಉಳಿದ 50 ಒಟ್ಟಿಗೇ ರಾಮ್ನಿಗೆ. ನೂರಕ್ಕೆ 32 ಮತ ಪಡೆದ ಗಿಂಗ್ರಿಚ್‌ಗೆ ಸೊನ್ನೆ.

ಫೆಬ್ರವರಿ 7ರಂದು ಒಂದೇ ದಿನ ಕೊಲೊರಾಡೊ, ಮಿನೆಸೋಟಾ, ಮಿಸ್ಸೂರಿ ಮೂರರಲ್ಲೂ ಸ್ಯಾಂಟೋರಮ್ ಗೆದ್ದು ಮತ್ತೆ ಎಲ್ಲ ಅದಲುಬದಲಾಯಿತು. ತಾನು ಹುಟ್ಟಿದ, ತಂದೆ ಗವರ್ನರ್ ಆಗಿದ್ದ ಮಿಷಿಗನ್‌ನಲ್ಲೇ ರಾಮ್ನಿ ಸೋಲುವ ಹಾಗೆ ಕಂಡಿತು. ಕೊನೆಗೆ ಗೆದ್ದರು, 41ಕ್ಕೆ 38. ಮಾರ್ಚ್ 6ರಂದು ಓಹಾಯೊದಲ್ಲಿ ಗೆದ್ದದ್ದು ಇನ್ನೂ ಕಡಿಮೆ, ಒಂದು ಅಂಶದಷ್ಟು ಅಂತರದಲ್ಲಿ. ಗಿಂಗ್ರಿಚ್ ಕಣದಲ್ಲಿ ಇಲ್ಲದಿದ್ದರೆ ಈ ಎರಡು ರಾಜ್ಯದಲ್ಲಿ ಏನಾಗುತ್ತಿತ್ತು ಅಂತ ಯೋಚಿಸಿ. ರಾಮ್ನಿ ಬೇಡ ಅನ್ನುವ ಮತಗಳು ಒಂದು ಕಡೆ ಸೇರಲೇ ಇಲ್ಲ. ವರ್ಜಿನಿಯಾದಲ್ಲಂತೂ ಬೇಕಾದ 10,000 ಸಹಿ ಹೊಂದಿಸಲಾಗದೆ ಗಿಂಗ್ರಿಚ್ ಹೆಸರು ಮತಪತ್ರದಲ್ಲೇ ಬರಲಿಲ್ಲ. ಆತ ಇದ್ದದ್ದು ಅದೇ ರಾಜ್ಯದಲ್ಲಿ. ಮತಪತ್ರದಲ್ಲಿ ಇದ್ದದ್ದು ರಾಮ್ನಿ ಮತ್ತು ರಾನ್ ಪಾಲ್ ಇಬ್ಬರೇ. ಏಪ್ರಿಲ್ 10ಕ್ಕೆ ಸ್ಯಾಂಟೋರಮ್, ಮೇ 2ಕ್ಕೆ ಗಿಂಗ್ರಿಚ್ ಹಿಂದೆ ಸರಿದರು. ಮೇ 29ಕ್ಕೆ ಟೆಕ್ಸಾಸ್ ಗೆದ್ದು ರಾಮ್ನಿ 1,144 ದಾಟಿದರು. ನವೆಂಬರ್‌ನ ಅಧ್ಯಕ್ಷ ಚುನಾವಣೆಯಲ್ಲಿ ಎಲೆಕ್ಟೋರಲ್ ಮತ (ರಾಜ್ಯವಾರು ಲೆಕ್ಕದ ಮತ) ಒಬಾಮಾಗೆ 332, ರಾಮ್ನಿಗೆ 206. ಇವರಾದರೆ ಗೆಲ್ಲುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಒಲ್ಲದ ಮನಸ್ಸಿನಿಂದ ಹೂಂ ಅಂದವರಿಗೆ ಆ ಕಾರಣವೂ ಉಳಿಯಲಿಲ್ಲ.

ಮೊದಲು ಟಿಕೆಟ್ ವಿಷಯ ಎತ್ತಿದ್ದು ಇದಕ್ಕೇ. ನಮ್ಮಲ್ಲೂ ಅತೃಪ್ತಿ ಕಡಿಮೆ ಏನಿಲ್ಲ. ಅದು ಟಿಕೆಟ್ ಸಿಗದವರ ಬಂಡಾಯವಾಗಿ ಕಾಣುತ್ತದೆ. 2023ರಲ್ಲಿ ಜಗದೀಶ ಶೆಟ್ಟರ್, ಲಕ್ಷ್ಮಣ ಸವದಿ ಬಿಜೆಪಿ ಬಿಟ್ಟು ಕಾಂಗ್ರೆಸ್‌ಗೆ ಹೋದದ್ದು ಎಲ್ಲರಿಗೂ ನೆನಪಿದೆ. ಸವದಿ ಗೆದ್ದರು, ಶೆಟ್ಟರ್ ಸೋತರು. ಆದರೆ ಅದು ನಾಯಕನ ಅತೃಪ್ತಿ. ಅವರ ಹಿಂದಿದ್ದ ಮತದಾರನಿಗೆ ಈ ಅಭ್ಯರ್ಥಿ ಬೇಕಿತ್ತಾ ಅಂತ ಚುನಾವಣೆಗೆ ಮುಂಚೆ ಯಾರೂ ಎಣಿಸಲಿಲ್ಲ. 2013ರಿಂದ ನಮಗೆ ನೋಟಾ ಇದೆ, ನಿಜ. ಅದನ್ನು ಒತ್ತುವ ಹೊತ್ತಿಗೆ ಅಭ್ಯರ್ಥಿಗಳೆಲ್ಲ ನಿಗದಿಯಾಗಿ ಮುಗಿದಿರುತ್ತದೆ. 2024ರ ಫೆಬ್ರವರಿಯಲ್ಲಿ ಮಿಷಿಗನ್ ಡೆಮಾಕ್ರಟಿಕ್ ಪ್ರೈಮರಿಯಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಬೈಡನ್ ಹೆಸರು ಬಿಟ್ಟು 'ಯಾರಿಗೂ ಇಲ್ಲ' ಅನ್ನುವ ಗೆರೆಗೆ ಗುರುತು ಹಾಕಿದರು. ಗಾಜಾ ವಿಷಯದ ಸಿಟ್ಟು ಅದು. ಟಿಕೆಟ್ ಇನ್ನೂ ಅಧಿಕೃತವಾಗುವ ಮುಂಚೆಯೇ ಆ ಸಿಟ್ಟು ಲೆಕ್ಕಕ್ಕೆ ಬಂತು. ಈ ಅವಕಾಶ ನನಗೆ ತುಂಬ ದೊಡ್ಡದು ಅನ್ನಿಸುತ್ತದೆ. ನಮ್ಮ ಪಕ್ಷಗಳೂ ಒಳಗೊಳಗೇ ಸಮೀಕ್ಷೆ ಮಾಡಿಸುತ್ತವೆ. ಫಲಿತಾಂಶ ಹೈಕಮಾಂಡ್ ಮೇಜಿನ ಮೇಲೆ ಇರುತ್ತದೆ, ನಮ್ಮ ಮುಂದೆ ಅಲ್ಲ.

ಆದರೆ ಎಣಿಸಿದರೆ ಸಾಲದು, ಎಣಿಸಿದ್ದನ್ನು ಓದಬೇಕು. 2015ರ ಜೂನ್‌ನಲ್ಲಿ ಡೊನಾಲ್ಡ್ ಟ್ರಂಪ್ ಕಣಕ್ಕಿಳಿದಾಗ ಅಲ್ಲಿ 17 ಜನ ಸೇರಿದರು. ಜುಲೈನಲ್ಲೇ ಟ್ರಂಪ್ ಸಮೀಕ್ಷೆಗಳ ಮೇಲೆ ಕೂತರು. ಆಗ ಎಷ್ಟೋ ವಿಶ್ಲೇಷಕರು 2012ರ ಪಟ್ಟಿ ತೆಗೆದರು. ಬಾಕ್‌ಮನ್, ಪೆರ್ರಿ, ಕೇನ್, ಗಿಂಗ್ರಿಚ್. ಏರಿದವರೆಲ್ಲ ಇಳಿದರು, ಇವರೂ ಇಳಿಯುತ್ತಾರೆ ಅಂದರು. ಆ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು. 2011ರ ಏಪ್ರಿಲ್‌ನಲ್ಲಿ, ಇವರ್ಯಾರೂ ಏರುವ ಮುಂಚೆ, ಕೆಲವು ಸಮೀಕ್ಷೆಗಳಲ್ಲಿ ರಾಮ್ನಿಯನ್ನು ಹಿಂದಿಕ್ಕಿದ್ದವರು ಟ್ರಂಪ್. ಮೇ 16ಕ್ಕೆ ಅವರು ತಾನು ನಿಲ್ಲುವುದಿಲ್ಲ ಅಂದಿದ್ದರು. ಹುಡುಕಾಟ ಶುರುವಾದದ್ದೇ ಅವರಿಂದ.

ವಿಶ್ಲೇಷಕರು ಯಾರು ಬಿದ್ದರು ಅಂತ ಎಣಿಸಿದರು. ಬಿದ್ದವರಿಂದ ಬಿಡುಗಡೆಯಾದ ಮತ ಪ್ರತಿ ಸಲವೂ ರಾಮ್ನಿ ಕಡೆ ಹೋಗದೆ ಇನ್ನೊಬ್ಬರ ಕಡೆ ಹೋಯಿತು ಅನ್ನುವುದನ್ನು ಎಣಿಸಲಿಲ್ಲ. 2012ರಲ್ಲಿ ಒಡೆದುಹೋಗಿದ್ದದ್ದು ಅತೃಪ್ತರ ಮತ. 2016ರಲ್ಲಿ ಅತೃಪ್ತರಲ್ಲಿ ಬಹಳಷ್ಟು ಜನ ಒಬ್ಬರ ಹಿಂದೆ ನಿಂತರು, ಒಡೆದದ್ದು ಉಳಿದವರ ಮತ. ಫೆಬ್ರವರಿ 20ರಂದು ದಕ್ಷಿಣ ಕೆರೊಲಿನಾದಲ್ಲಿ ಟ್ರಂಪ್‌ಗೆ ಬಿದ್ದದ್ದು ನೂರಕ್ಕೆ 32.5. ನಾಲ್ಕು ವರ್ಷದ ಹಿಂದೆ ಫ್ಲಾರಿಡಾದಲ್ಲಿ ಗಿಂಗ್ರಿಚ್‌ಗೆ ಬಿದ್ದದ್ದೂ ಹೆಚ್ಚುಕಡಿಮೆ ಇಷ್ಟೇ. ದಕ್ಷಿಣ ಕೆರೊಲಿನಾದ 50 ಡೆಲಿಗೇಟ್‌ಗಳೂ ಈ ಸಲ ಟ್ರಂಪ್‌ಗೇ ಹೋದರು.